ಜಾಕೆಟ್ಟಿಗೆ ಅಂಟಿಸಿದ ಹೆಸರು

ಸ್ವೋಲ್ವೇರ್, ಗುರುವಾರ

ಮಾರಿಟ್,

ನಿನಗೆ ಬುದ್ಧಿ ನೆಟ್ಟಗಿದೆಯಾ? ಶಿಶುವಿಹಾರದ ಮಕ್ಕಳ ಬಟ್ಟೆಗೆ ಅಂಟಿಸುವ ಹೆಸರಿನ ಚೀಟಿಗಳನ್ನು ನಿಮ್ಮಪ್ಪನ ಜಾಕೆಟ್ಟು, ಸ್ವೆಟರು, ಕೈಗವಸಿಗೆಲ್ಲ ಅಂಟಿಸಿದ್ದೀಯಲ್ಲ! ಊರಿನ ಅರ್ಧ ಜನಕ್ಕೆ ಭೂಗೋಳ ಕಲಿಸಿದ ಮೇಷ್ಟ್ರು ಅವರು. ಹಡಗುಕಟ್ಟೆಯಲ್ಲೇ ಎಲ್ಲವನ್ನೂ ಕಿತ್ತು ಕಸದ ಬುಟ್ಟಿಗೆ ಹಾಕಿದೆ.

"ಕಾರಿಲ್ದೆ ಹೋಗ್ಬೇಡಿ" ಅಂತ ಬೇರೆ ನೀನು ಹೇಳಿದ್ದೆ. ಬಸ್ಸು, ಹಡಗುಗಳಲ್ಲೇ ಬಂದಿದ್ದೇವೆ. ಬೆನ್ನಿಗೊಂದೊಂದು ಚೀಲ ಬಿಟ್ಟರೆ ಬೇರೆ ಹೊರೆಯಿಲ್ಲ. ಮದುವೆಯಾದ ಹೊಸದರಲ್ಲೂ ಹೀಗೇ ಬಂದಿದ್ದೆವು. ಆಗ ಯಾರೂ ನಮ್ಮ ಮೇಲೆ ಹೆಸರು ಅಂಟಿಸಿರಲಿಲ್ಲ.

ನಿನ್ನೆ ನಾನು ಕಾಫಿ ತರುವಷ್ಟರಲ್ಲಿ ಅಪ್ಪ ಬೇರೆ ಬಸ್ಸು ಹತ್ತಿಬಿಟ್ಟರು. ಅದರಲ್ಲೇನು ಮಹಾ? ಎರಡೂ ಬಸ್ಸು ನೀಲಿ. ಕೊನೆಯ ನಿಲ್ದಾಣದಲ್ಲೂ ಇಳಿಯಲಿಲ್ಲವಂತೆ. ಚಾಲಕ ಒಡ್‌ವಾರ್ ನನಗೆ ಫೋನ್ ಮಾಡಿ, ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ವಾಪಸು ಕರೆತಂದ. ಇಳಿಸುವಾಗ ಅಂದ:

"ಒಳ್ಳೆ ಮನುಷ್ಯ ಕಣ್ರೀ. ದಾರಿಯುದ್ದಕ್ಕೂ ಒಂದೊಂದು ಬೆಟ್ಟದ ಹೆಸರೂ ಹೇಳ್ತಾ ಬಂದ್ರು. ನಿಮ್ಮ ಹೆಸರೇನು ಅಂದ್ರೆ ಮಾತ್ರ ಟೋಪಿ ತೆಗ್ದು ನನ್ ಕೈಗೆ ಕೊಟ್ರು. ಅದ್ರೊಳಗೆ ಹೆಸ್ರೂ ಇತ್ತು, ನಿಮ್ಮ ನಂಬರೂ ಇತ್ತು."

ಟೋಪಿಯೊಳಗೂ ಅಂಟಿಸಿದ್ದೀಯೆಂದು ನನಗೆ ಹೇಳಲೇ ಇಲ್ಲ ನೀನು!

ನಾವು ಇನ್ನೂ ಎರಡು ವಾರ ಇಲ್ಲೇ ಇರುತ್ತೇವೆ. ಚೀಟಿಗಳು ಉಳಿದಿದ್ದರೆ ಹೋಟೆಲಿನ ವಿಳಾಸಕ್ಕೆ ಕಳಿಸು. ನನ್ನ ಹೆಸರಿನವನ್ನೂ ಮಾಡಿಸು. ಅವರೊಬ್ಬರೇ ಹೆಸರು ಅಂಟಿಸಿಕೊಂಡು ತಿರುಗುವುದಕ್ಕೆ ನಾನು ಒಪ್ಪುವುದಿಲ್ಲ.

ಅಮ್ಮ