ಇಂಧನ ಮಟ್ಟ ಕಡಿಮೆ

ಮರಳವಾಡಿ
9 ಜುಲೈ 2025, ಬುಧವಾರ

ಪ್ರೀತಿಯ ಮುನವ್ವರಾ,

ಹೇಗಿದ್ದೀಯ? ಇಷ್ಟು ದಿನ ಸುಮ್ಮನಿದ್ದುದಕ್ಕೆ ಕ್ಷಮಿಸು. ಚನ್ನಪಟ್ಟಣ ಇಲ್ಲಿಂದ ದೂರವೇನಲ್ಲ, ಫೋನೂ ಇದೆ. ಆದರೆ ಫೋನ್ ಹಿಡಿದರೆ ನನಗೆ ಗಿರಾಕಿಗಳ ಜೊತೆ ಮಾತಾಡುವ ದನಿಯೇ ಬರುತ್ತದೆ. ‘ತಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ನಿನಗೂ ಹೇಳಿಬಿಟ್ಟೇನೆಂಬ ಭಯಕ್ಕೆ ಕಾಗದ ಬರೆಯುತ್ತಿದ್ದೇನೆ. ತಿಂಗಳ ಕೊನೆಯೊಳಗೆ ನೀನು ಉತ್ತರ ಬರೆಯದಿದ್ದರೆ ಒಂದು ಮಷೀನ್ ಸಾಯುತ್ತದೆ. ಯಾವುದು, ಯಾಕೆ ಎಂದು ಹೇಳುತ್ತೇನೆ, ತಾಳ್ಮೆಯಿಂದ ಓದು.

ಅಮ್ಮನನ್ನು ನೋಡಿಕೊಳ್ಳಲು ನೀನು ಕೆಲಸ ಬಿಟ್ಟ ಮೇಲೆ ನಮ್ಮ ಸಪೋರ್ಟ್ ತಂಡದಲ್ಲಿ ಹಳಬಳು ನಾನೊಬ್ಬಳೇ. ಆಫೀಸಿಗೆ ಹೋಗುವುದು ನಿಂತಾಗಿನಿಂದ ಈಗಲೂ ನಮ್ಮ ರೇಷ್ಮೆಹುಳುವಿನ ಮನೆಗೆ ಅಂಟಿದ ಅದೇ ಕೋಣೆಯಲ್ಲಿ ಕೂತು ಕೆಲಸ. ಮೊನ್ನೆ ಅತ್ತೆ ಹುಳುವಿಗೆ ಸೊಪ್ಪು ಹಾಕಿ ಬಂದು, ನಾನು ಇಡೀ ದಿನ ಮಾಡುವುದೇನೆಂದು ಕೇಳಿದರು. ನಮ್ಮತ್ತೆ ಕೆಂಚಮ್ಮ ಗೊತ್ತಲ್ಲ, ಅರ್ಧ ಉತ್ತರಕ್ಕೆ ಬಿಡುವವರಲ್ಲ.

“ಮೇನ್‌ಫ್ರೇಮ್ ಅಂತ ಒಂದು ದೊಡ್ಡ ಕಂಪ್ಯೂಟರ್ ಅತ್ತೆ. ಅದರೊಳಗೆ ನೂರಾರು ಕಂಪ್ಯೂಟರ್ ಇರೋ ಹಾಗೆ ಅದು ನಡ್ಕೊಳ್ಳುತ್ತೆ. ಅವನ್ನ ಹುಟ್ಟಿಸೋ, ನಿಲ್ಲಿಸೋ, ಅಳಿಸೋ ಸಾಫ್ಟ್‌ವೇರ್ ಕೆಟ್ಟರೆ ನಾವು ಸರಿ ಮಾಡ್ತೀವಿ.”

“ಅಂಗಾರೆ ಆ ನೂರೂ ಇಲ್ವಾ?”

“ನಿಜವಾಗಿ ಇಲ್ಲ.”

“ಇಲ್ದೇ ಇರೋವು ಕೆಟ್ಟೋಯ್ತವೆ, ಅವನ್ನ ನೀನು ರಿಪೇರಿ ಮಾಡ್ತೀಯೆ. ಸಂಬ್ಳನಾದ್ರೂ ಐತಾ, ಇಲ್ಲ ಅದೂ ಅಂಗೇನಾ?”

ಇರಲಿ. ಹೊಸ ಮೇಲಧಿಕಾರಿ ಚೈತನ್ಯ ಎಂಬ ಹುಡುಗ ಬಂದಿದ್ದಾನೆ. ಒಳ್ಳೆಯವನು, ಆದರೆ ಸ್ವಚ್ಛತೆಯ ಹುಚ್ಚು. ಗಿರಾಕಿಗಳ ತೊಂದರೆಯನ್ನು ನಾವು ಮರುಸೃಷ್ಟಿಸಿ ನೋಡುವ ನಮ್ಮದೇ ಮೇನ್‌ಫ್ರೇಮ್‌ನಲ್ಲಿ ವಾರಸುದಾರರಿಲ್ಲದ ಇಂಥ ಮಷೀನ್‌ಗಳು ತುಂಬಿಕೊಂಡಿವೆಯಂತೆ. “ಮೇಡಂ, ಎಲ್ಲಾ ಕ್ಲೀನ್ ಆಗ್ಬೇಕು” ಎಂದ. ನಮ್ಮ ಹಳೆಯ ಪದ್ಧತಿ ನಿನಗೆ ನೆನಪಿರಬೇಕು: ಇದು ಯಾರದು ಎಂದು ಎಲ್ಲರಿಗೂ ಮೇಲ್ ಕಳಿಸುವುದು, ಯಾರೂ ಉತ್ತರಿಸದಿದ್ದರೆ ಮಷೀನ್ ನಿಲ್ಲಿಸಿ ಯಾರು ಕಿರುಚುತ್ತಾರೆಂದು ಕಾಯುವುದು. ಕಿರುಚಿದವರೇ ಒಡೆಯರು. ಯಾರೂ ಕಿರುಚದಿದ್ದರೆ ಅಳಿಸುವುದು. ನೀನು ಇದಕ್ಕೆ ‘ಬೊಬ್ಬೆ ಪರೀಕ್ಷೆ’ ಎಂದು ಹೆಸರಿಟ್ಟಿದ್ದೆ.

ನನ್ನ ತಪ್ಪೆಂದರೆ ಇದನ್ನು ಅತ್ತೆಗೆ ವಿವರಿಸಿದ್ದು. ನನ್ನ ಕೆಲಸದಲ್ಲಿ ಅವರಿಗೆ ಅರ್ಥವಾಗಿ ಮೆಚ್ಚುಗೆಯಾದ ಭಾಗ ಇದೊಂದೇ. ಮರುದಿನವೇ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಪಂಪಿನ ಸ್ಟಾರ್ಟರ್ ಮಾಯವಾಯಿತು. ಸಂಜೆ ಹಾರೋಹಳ್ಳಿಯ ಫ್ಯಾಕ್ಟರಿಯಿಂದ ಬಂದ ನನ್ನ ಗಂಡ ಮನೋಹರ್ ಅಂಗಳದಲ್ಲೇ ಶುರುಮಾಡಿದರು.

“ಅವ್ವಾ, ನನ್ ಸ್ಟಾರ್ಟರ್ ಎಲ್ಲವ್ವಾ? ಯಾವ್ ನನ್ಮಗ ಎತ್ಕೊಂಡೋದ?”

“ನೋಡಮ್ಮಿ, ಬಾಯ್ ಬಡ್ಕೊಂಡ” ಎಂದು ಅತ್ತೆ ನನ್ನತ್ತ ತಿರುಗಿದರು. “ಒಡೆಯ ಸಿಕ್ದ. ಕೊಟ್ಬುಡನ.”

ಆಮೇಲೆ ನನ್ನ ಸರದಿ. ಜರ್ಮನಿಯ ಗಿರಾಕಿಯೊಬ್ಬ ತನ್ನ ಮಷೀನ್‌ಗಳೆಲ್ಲ ಒಮ್ಮೆಲೇ ನಿಂತುಹೋದವೆಂದು ಗೋಳಾಡುತ್ತಿದ್ದಾಗ ನನ್ನ ಇಂಟರ್ನೆಟ್ ಸತ್ತಿತು. ಹೊರಗೋಡಿ ಬಂದು ಕಿರುಚಿದೆ. ಅತ್ತೆ ರೂಟರ್‌ನ ವೈರನ್ನು ಕೈಯಲ್ಲಿ ಹಿಡಿದು ಕೂತಿದ್ದರು.

“ಓ, ಇದು ನಿಂದಾ? ಹಗ್ಲೂ ಮಿಣುಕ್ತಾ ಕೂತಿರ್ತದೆ, ಎದ್ದು ಒಸಿ ಕೆಲ್ಸ ಮಾಡಿದ್ದ ಕಾಣ್ನಿಲ್ಲ. ಅದ್ಕೆ ಕಿತ್ತೆ.”

ಈಗ ಆ ಮಷೀನ್ ವಿಷಯ. ಪಟ್ಟಿಯಲ್ಲಿ ‘ಟ್ಯಾಂಕ್01’ ಎಂಬುದೊಂದಿತ್ತು. ಡೇಟಾ ಸೆಂಟರ್‌ನ ಜನರೇಟರಿನ ಡೀಸೆಲ್ ಟ್ಯಾಂಕಿಗೆ ಸಂಬಂಧಿಸಿದ್ದೆಂದು ಎಲ್ಲರ ನಂಬಿಕೆ. ಡೀಸೆಲ್ ನೋಡುವವರನ್ನು ಕೇಳಿದೆ, ನಮ್ಮದಲ್ಲ ಎಂದರು. ಉಳಿದವರ ಉತ್ತರವಿಲ್ಲ. ಕಳೆದ ವಾರ ಸೋಮವಾರ ಬೆಳಿಗ್ಗೆ ನಿಲ್ಲಿಸಿದೆ. ಯಾವ ಊರಿನಿಂದಲೂ ಒಂದು ಕೂಗು ಬರಲಿಲ್ಲ. ಇಷ್ಟು ನಿಶ್ಶಬ್ದವಾಗಿ ಸತ್ತ ಮಷೀನನ್ನು ನಾನು ಕಂಡಿರಲಿಲ್ಲ.

ಗುರುವಾರ ಮಧ್ಯಾಹ್ನ ಕಿರುಚಾಟ ಕೇಳಿಸಿತು, ಅದೂ ಅಡುಗೆಮನೆಯಿಂದ.

“ಏನಮ್ಮಿ, ನಿನ್ ಕಂಪ್ನಿಯೋರು ಉಣ್ಣಕ್ಕೂ ಬುಡ್ತಾ ಇಲ್ವಾ? ಸೋಮಾರದಿಂದ ನೋಡ್ತಾ ಇವ್ನಿ, ಮುದ್ದೆ ಕಲ್ಲಾಯ್ತಾ ಐತೆ. ಒಂದ್ ಗಂಟೆಗೆ ಗಡಿಯಾರದಂಗೆ ಎದ್ ಬತ್ತಿದ್ದೋಳು, ಏನ್ ಬಂತು ನಿಂಗೆ?”

ಏನು ಬಂತೆಂದು ಯೋಚಿಸಿದೆ. ಏನೂ ಬಂದಿರಲಿಲ್ಲ, ಬರುತ್ತಿದ್ದದ್ದು ನಿಂತಿತ್ತು. ಪ್ರತಿದಿನ ಒಂದು ಗಂಟೆಗೆ ನನ್ನ ಪರದೆಯ ಮೇಲೆ ಕೆಂಪಕ್ಷರದ ಒಂದು ಸಾಲು ಬರುತ್ತಿತ್ತಲ್ಲ: ‘ಎಚ್ಚರಿಕೆ: ಇಂಧನ ಮಟ್ಟ ಕಡಿಮೆ. ಕೂಡಲೇ ಕ್ರಮ ಕೈಗೊಳ್ಳಿ.’ ಆಫೀಸಿನಲ್ಲಿದ್ದಾಗ ಅದೇನೆಂದು ಮೊದಲ ಸಲ ನಿನ್ನನ್ನೇ ಕೇಳಿದ್ದೆ. ನೀನು ಪರದೆಯಿಂದ ಕಣ್ಣು ಕೀಳದೆ, “ಡೀಸೆಲ್ ವಿಚಾರ ಕಣೇ, ನಮ್ದಲ್ಲ. ಹೇಗೂ ಒಂದ್ ಗಂಟೆ ಆಯ್ತಲ್ಲ, ನೀ ಊಟಕ್ಕೆ ಹೋಗು” ಅಂದಿದ್ದೆ. ಅಂದಿನಿಂದ ಇಷ್ಟು ವರ್ಷ ಡೀಸೆಲ್ ಕಡಿಮೆಯಾದಾಗಲೆಲ್ಲ ನಾನು ಉಂಡಿದ್ದೇನೆ.

ಟ್ಯಾಂಕ್01ನ ಒಳಗೆ ಹೋಗಿ ನೋಡಿದೆ. ಇದ್ದದ್ದು ನಾಲ್ಕೇ ಸಾಲು. ಗಂಟೆ ಒಂದಾಗಿದೆಯೇ ನೋಡು. ಸುಮನಾ ಇನ್ನೂ ಪರದೆಯ ಮುಂದಿದ್ದಾಳೆಯೇ ನೋಡು. ಇದ್ದರೆ ಎಚ್ಚರಿಕೆ ಕಳಿಸು. ನಾಳೆಯವರೆಗೆ ಮಲಗು. ನನ್ನ ಹೆಸರು ಬಿಟ್ಟರೆ ಬೇರೆ ಯಾರ ಹೆಸರೂ ಅದರಲ್ಲಿರಲಿಲ್ಲ. ಬರೆದ ರೀತಿ ನೋಡಿದರೆ ಕೈ ಯಾರದೆಂದು ಹೇಳಬೇಕಾಗಿಯೂ ಇರಲಿಲ್ಲ. ತೊಂದರೆಯ ಮೂಲ ಸಿಕ್ಕಿದರೆ ನಾನು ಸಾಮಾನ್ಯವಾಗಿ ಮೇಜು ಕುಟ್ಟುತ್ತೇನೆ. ಆ ದಿನ ಎದ್ದು ಹೋಗಿ ಕಲ್ಲಾದ ಮುದ್ದೆಯನ್ನೇ ಉಂಡೆ.

ಮಷೀನನ್ನು ಮತ್ತೆ ಚಾಲೂ ಮಾಡಿದೆ. ಚೈತನ್ಯ ಬಿಡಬೇಕಲ್ಲ.

“ಕಿರುಚಿದ್ದು ಯಾರು ಅಂತ ಹಾಕ್ಲಿ ಮೇಡಂ?”

“ನಮ್ಮತ್ತೆ.”

“ಅವರು ನಮ್ಮ ಸಿಸ್ಟಂ ಯೂಸರ್ ಅಲ್ವಲ್ಲ ಮೇಡಂ.”

ಕೊನೆಗೆ ಒಪ್ಪಂದವಾಯಿತು. ಮಾಡಿದವರು ಯಾಕೆ ಮಾಡಿದ್ದೆಂದು ತಿಂಗಳ ಕೊನೆಯೊಳಗೆ ಒಂದು ಸಾಲು ಬರೆದುಕೊಟ್ಟರೆ ಟ್ಯಾಂಕ್01 ನನ್ನ ಹೆಸರಿಗಾಗುತ್ತದೆ. ಇಲ್ಲವಾದರೆ ಅಳಿಸುತ್ತಾನೆ. ಆ ಒಂದು ಸಾಲು ಬರೆದು ಕಳಿಸು. ಸುಳ್ಳಾದರೂ ಅಡ್ಡಿಯಿಲ್ಲ, ಡೀಸೆಲ್ ಎಂದೇ ಬರೆ.

ಮನೋಹರ್ ನಿನ್ನನ್ನು ಕೇಳಿದ್ದಾರೆ. ಅತ್ತೆ, “ಆ ಚನ್ನಪಟ್ಣದ ಹುಡ್ಗಿ ಬುದ್ವಂತೆ, ಒಂದಿನ ಕರ್ಕೊಂಡ್ ಬಾ, ಅವರೆಕಾಳ್ ಸಾರ್ ಮಾಡ್ತೀನಿ” ಎಂದರು. ನಿನಗೆ ಐವತ್ತು ದಾಟಿತೆಂದು ನಾನು ಹೇಳಲಿಲ್ಲ. ನಿನ್ನ ಮೊಣಕಾಲಿನ ನೋವು ಇಳಿಯಲಿ, ಒಳ್ಳೆಯ ನಿದ್ದೆ ಬರಲಿ.

ಇಂತಿ,
ನಿನ್ನ ಸುಮನಾ

ತಾ.ಕ.: ನಿನ್ನ ಅಮ್ಮ ಹೋದ ಸುದ್ದಿ ನನಗೆ ಇನ್ನೊಂದು ತಂಡದ ಉಜೈರ್‌ನಿಂದ ತಿಳಿಯಿತು, ಅದೂ ಆಫೀಸಿನ ಕರೆಯೊಂದರ ನಡುವೆ, ಅವರು ಹೋಗಿ ತಿಂಗಳುಗಳಾದ ಮೇಲೆ. ಪಕ್ಕದಲ್ಲಿ ಕೂತು ಅಷ್ಟು ವರ್ಷ ಕಳೆದವಳು ನನಗೇ ಹೇಳಲಿಲ್ಲವಲ್ಲ ಎಂದು ಸಿಟ್ಟು ಬಂದು, ನಾನೂ ಫೋನ್ ನಿಲ್ಲಿಸಿದೆ. ನೀನು ಕಿರುಚುತ್ತೀಯೋ ನೋಡೋಣ ಎಂದು ಕಾದೆ. ನೀನು ಕಿರುಚಲಿಲ್ಲ. ನನ್ನ ಪರವಾಗಿ ಕಿರುಚಲು ಇಲ್ಲಿ ಅತ್ತೆ ಇದ್ದಾರೆ. ಆ ಮನೆಯಲ್ಲಿ ಒಂದು ಗಂಟೆಗೆ ನಿನ್ನನ್ನು ಯಾರು ಎಬ್ಬಿಸುತ್ತಾರೆ? ಚೈತನ್ಯನಿಗೆ ಏನಾದರೂ ಬರೆ. ನನಗೆ ಮಾತ್ರ ನಿಜ ಬರೆ: ಊಟ ಮಾಡುತ್ತಿದ್ದೀಯಾ?