ಆರಿಸಿದ ಕರ್ಪೂರ

ನರಸೀಪುರ. ಭಾನುವಾರ, 14 ಫೆಬ್ರವರಿ 1909.

ಇಂದಿಗೆ ಮೂರು ತಿಂಗಳು ತುಂಬಿತು. ಚಿಕ್ಕಪ್ಪ ಸತ್ತಿಲ್ಲ.

ಹೊಲದ ಬಾಂದುಕಲ್ಲು ಸರಿಸಿದ್ದು ನಮ್ಮಪ್ಪನೇ ಎಂದು ನಂಜನಗೂಡಿನ ಗುಡಿಯಲ್ಲಿ ಉರಿಯುವ ಕರ್ಪೂರ ಆರಿಸಿ ಪ್ರಮಾಣ ಮಾಡಿದವನು ಅವನು. ಸರಿಸಿದವನೂ ಅವನೇ. ಸುಳ್ಳಾಣೆ ಇಟ್ಟವನನ್ನು ನಂಜುಂಡ ಮೂರು ತಿಂಗಳೊಳಗೆ ಮುರಿಯುತ್ತಾನೆ ಎನ್ನುತ್ತಾರೆ ಊರವರು. ಇಂಥದ್ದೆಲ್ಲ ಮೂಢನಂಬಿಕೆ ಎಂದು ಪುಸ್ತಿಕೆಗಳನ್ನು ಓದಿ ಜಗಲಿಯಲ್ಲಿ ವಾದಿಸುವ ನಾನು, ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೆರೆ ಗೀಚುತ್ತಿದ್ದೆ. ಅದು ಊರಿಗೆಲ್ಲ ಗೊತ್ತಾಗಿದೆ.

ಬೆಳಿಗ್ಗೆ ಹರಿಗೋಲಿನಲ್ಲಿ ಚಿಕ್ಕಪ್ಪ ನನ್ನ ಎದುರಿಗೇ ಕುಳಿತ. "ಏನ್ಲಾ ಮಾದಪ್ಪ, ನಂಗಿನ್ನೆಷ್ಟ್ ದಿನ ಐತ್ಲಾ? ವಸಿ ನೋಡ್ಬುಟ್ಟು ಯೋಳು, ಕಣದ ಕೆಲ್ಸ ಮುಗುಸ್ಕಬೇಕು" ಎಂದ. ಎಲ್ಲರೂ ನಕ್ಕರು. ಅವನನ್ನು ಕಾವೇರಿಗೆ ನೂಕಲು ನನ್ನ ಒಂದು ಕೈ ಸಾಕಿತ್ತು.

ಸಂಜೆ ಅಂಗೈಯಲ್ಲಿ ಲಿಂಗ ಹಿಡಿದು ಕುಳಿತರೆ ಬಾಯಿಗೆ ಮಂತ್ರ ಬರಲಿಲ್ಲ. ಅವನು ಸಾಯಲಿ ಎಂದೇ ಬಂತು. ಪಕ್ಕದಲ್ಲಿ ಪೂಜೆಗೆ ಕುಳಿತಿದ್ದ ಅಪ್ಪನಿಗೆ ಕೇಳಿಸಿತು.

"ಅವ್ನು ಸತ್ರೂ ನಾನ್ ಕಲ್ಲು ಸರಿಸ್ಲಿಲ್ಲ, ಬದುಕುದ್ರೂ ಸರಿಸ್ಲಿಲ್ಲ ಕಣ್ಲಾ. ಪೂಜೆ ಮಾಡು" ಎಂದರು.

ಇದನ್ನೇ ಎಷ್ಟು ಪುಸ್ತಿಕೆಗಳಲ್ಲಿ ಓದಿದ್ದೇನೆ. ಸತ್ಯ ತಾನಾಗಿ ನಿಂತಿರುತ್ತದೆ, ಅದಕ್ಕೆ ಯಾರ ಹೆಣವೂ ಸಾಕ್ಷಿಯಾಗಬೇಕಿಲ್ಲ. ಇಂದು ಅದನ್ನು ಒಪ್ಪಿದೆ. ಒಪ್ಪಿದ ಗಳಿಗೆಯಲ್ಲಿ ಎದೆ ತಣ್ಣಗಾದದ್ದು ನಿಜ. ನಂಜುಂಡನನ್ನು ನನ್ನ ಪರವಾಗಿ ಕೊಲ್ಲುವವನನ್ನಾಗಿ ಮಾಡಿಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಆದರೆ ಆ ನಗು ಇನ್ನೂ ಕಿವಿಯಲ್ಲಿದೆ. ಸೇಡು ಬಿಟ್ಟೆ ಎಂದು ಬರೆಯಬೇಕು, ಬರೆಯಲಾರೆ. ಅವನು ಬದುಕಿರಲಿ ಎಂದಷ್ಟೇ ಬರೆಯುತ್ತೇನೆ. ಅದೂ ಹಲ್ಲು ಕಚ್ಚಿಕೊಂಡು.