ನಡುಮನೆಯ ಅತಿಥಿ

ಜೂನ್ 26, ಗುರುವಾರ

ಬೆಳಿಗ್ಗೆ ರೇಷ್ಮೆ ಹುಳುವಿಗೆ ಸೊಪ್ಪು, ಆಮೇಲೆ ಮನೆಯವರಿಗೆ ಉಪ್ಪಿಟ್ಟು, ಆಮೇಲೆ ಒಂಬತ್ತನೇ ಕ್ಲಾಸಿಗೆ ಸಹಿಷ್ಣುತೆಯ ಪಾಠ. ನಾನು ಪಾಠ ಮಾಡುವ ದಿಬ್ಬೂರಹಳ್ಳಿಯ ಹೈಸ್ಕೂಲಿಗೂ ಜರ್ಮನಿಯ ಒಂದು ಶಾಲೆಗೂ ನಂಟು ಕುದುರಿದೆ. ಅಲ್ಲಿಂದ ಹತ್ತು ಮಕ್ಕಳು ಇಲ್ಲಿಗೆ, ಇಲ್ಲಿಂದ ಹತ್ತು ಅಲ್ಲಿಗೆ. ಅವರ ಫಾರಂನಲ್ಲಿ ಒಂದು ಷರತ್ತು: ಹೊರಡುವ ಮೊದಲು ಮಗು ತನ್ನೂರಲ್ಲೇ ಬೇರೆ ಥರದ ಮನೆಯೊಂದರಲ್ಲಿ ಒಂದು ದಿನ ಅತಿಥಿಯಾಗಿರಬೇಕು, ಮನೆಯವರ ಜೊತೆ ಕೂತು ಉಣ್ಣಬೇಕು. ಕೊನೆಗೆ ಆ ಮನೆಯ ಹಿರಿಯರ ಸಹಿ. ಸಹಿಷ್ಣುತೆಯಲ್ಲೂ ಮೊದಲು ಬರುವುದು ಸಹಿಯೇ.

ಹೆಡ್‌ಮಾಸ್ಟರ್ ಚಲಪತಿ ಸರ್ ಚೀಟಿ ಎತ್ತಿಸಿದರು. ನನ್ನ ಮಗ ಹರಿಕೃಷ್ಣನಿಗೆ ಜೋಡಿ — ಮುನೇಶ. ಕಾಲೋನಿಯ ಆಂಜಿನಮ್ಮನ ಮಗ. ಜರ್ಮನಿ ಏಳು ಸಾವಿರ ಕಿಲೋಮೀಟರ್, ಮುನೇಶನ ಮನೆ ಮುನ್ನೂರು ಮೀಟರ್. ವೀಸಾ ಕಷ್ಟ ಎರಡನೆಯದಕ್ಕೇ. ನಮ್ಮ ವೀಸಾ ಆಫೀಸು ನನ್ನ ಅತ್ತೆ, ಚಿಕ್ಕವೆಂಕಟಮ್ಮನವರು.

ಜೂನ್ 29, ಭಾನುವಾರ

ಹರಿ ಹೋಗಿಬಂದ. ಮುದ್ದೆ, ಹುರುಳಿ ಸಾರು. ಮೂರು ಸಲ ಹಾಕಿಸಿಕೊಂಡನಂತೆ. "ನಮ್ಮನೆ ಸಾರಲ್ಲಿ ಸಾರಾನೇ ಇಲ್ಲ ಕಣಮ್ಮ" ಎಂದ. ನನ್ನ ಪದದಾಟದ ರೋಗ ಅವನಿಗೂ ಹತ್ತಿದೆ.

ಅತ್ತೆ ಕೇಳಿಸಿಕೊಂಡರು. "ಇವ್ನು ಉಂಡಿದ್ದು ಆಯ್ತು. ಆ ಹುಡುಗ ಬಂದ್ರೆ ಜಗಲಿ ಮೇಲೆ ಎಲೆ ಹಾಕಮ್ಮ. ನಡುಮನೆಗೆ ಬೇಡ."

ಮುನೇಶ ರಜೆಯಲ್ಲೆಲ್ಲ ಅಮ್ಮನ ಜೊತೆ ಬಂದು ನಮ್ಮ ರೇಷ್ಮೆಗೆ ಸೊಪ್ಪು ಹಾಕುವವನು. ಹುಳುವಿನ ಮನೆಗೆ ಬರಬಹುದು, ಹುಳು ಸಾಕುವವರ ಮನೆಗೆ ಬರಬಾರದು… ಈ ಮನೆಗೆ ಸೊಸೆಯಾಗಿ ಬಂದ ಹದಿನಾರು ವರ್ಷದಿಂದ ನಾನೂ ಏನೂ ಅಂದಿಲ್ಲ. ಮಿಸ್ ಅಂತೆ, ಮಿಸ್.

ಜುಲೈ 4, ಶುಕ್ರವಾರ

ನಾಲ್ಕು ದಿನ ಬರೆಯಲಾಗಲಿಲ್ಲ. ಅತ್ತೆಯ ಜೊತೆ ಮಾತುಕತೆ — ಮಾತು ನನ್ನದು, ಕತೆ ಅವರದು. ನಮ್ಮ ಯಜಮಾನರು ಚನ್ನಕೇಶವ, ಪೇಪರಿನ ಹಿಂದೆ ತಟಸ್ಥ ರಾಷ್ಟ್ರ.

ಸೋಮವಾರ ಫಾರಂ ಕೊಡದಿದ್ದರೆ ಇಬ್ಬರ ಹೆಸರೂ ಪಟ್ಟಿಯಿಂದ ಹೊರಕ್ಕೆ. ಜಗಲಿಯಲ್ಲಿ ಬಡಿಸಿ "ಜೊತೆ ಕೂತು" ಎಂದು ಬರೆದುಬಿಡಲೇ? ಮುನೇಶನನ್ನೇ ಕೇಳಿದೆ.

"ಸುಳ್ಳು ಬೇಡ ಮಿಸ್. ಒಳಗೆ ಬಡಿಸಿದ್ರೆ ಸರಿ. ಇಲ್ಲಾಂದ್ರೆ ನಾನು ಜರ್ಮನಿಗೇ ಹೋಗಲ್ಲ."

ಭಾನುವಾರ ಬೆಳಿಗ್ಗೆ ಬಾ, ನೋಡೋಣ ಎಂದೆ.

ಜುಲೈ 6, ಭಾನುವಾರ, ಬೆಳಿಗ್ಗೆ 10

ಮುನೇಶ ಬಂದ. ಇಸ್ತ್ರಿ ಅಂಗಿ, ತಲೆ ತುಂಬ ಎಣ್ಣೆ. ಜಗಲಿಯಲ್ಲಿ ಕೂತ. ಅಷ್ಟರಲ್ಲಿ ಹುಳುಮನೆಯಿಂದ ಅತ್ತೆಯ ಕೂಗು — ಹುಳು ಒಂದು ದಿನ ಮೊದಲೇ ಹಣ್ಣಾಗಿವೆ. ಈಗಲೇ ಆರಿಸಿ, ಗೂಡು ಕಟ್ಟುವ ಬಿದಿರು ಚಾಪೆಗೆ, ಚಂದ್ರಿಕೆಗೆ ಬಿಡಬೇಕು. ತಡವಾದರೆ ಎಲ್ಲೆಂದರಲ್ಲಿ ಗೂಡು ಕಟ್ಟಿ ಬೆಳೆ ಹಾಳು. ಆಳುಗಳೆಲ್ಲ ಶಿಡ್ಲಘಟ್ಟಕ್ಕೆ ಹೋಗಿದ್ದಾರೆ, ಆಂಜಿನಮ್ಮನೂ. ಅತ್ತೆ ಜಗಲಿಗೇ ಓಡಿ ಬಂದರು.

"ಲೇ ಮುನೇಶ, ಬಾರೋ ಬೇಗ. ನಿನ್ ಕೈ ಚುರುಕು."

ಮುನೇಶ ಏಳಲಿಲ್ಲ. "ಅಜ್ಜಿ, ಇವತ್ತು ನಾನು ಗೆಸ್ಟು. ಗೆಸ್ಟಿಗೆ ಕೆಲಸ ಹೇಳಂಗಿಲ್ಲ. ಫಾರಂನಲ್ಲಿ ಮೂರನೇ ರೂಲು."

"ಯಾವ ನನ್ಮಗ ಬರ್ದಿದ್ದು ಅದನ್ನ?"

"ಜರ್ಮನಿಯೋರು."

"ಹುಳು ಜರ್ಮನಿಯೋರ ಮಾತು ಕೇಳ್ತಾವೇನಪ್ಪ?"

"ಮನೆಯೋನು ಅಂದ್ರೆ ಈಗಲೇ ಬರ್ತೀನಿ ಅಜ್ಜಿ. ಮನೆಯೋರು ಎಲ್ಲಿ ಕೂತು ಉಣ್ತಾರೆ?"

ಯಜಮಾನರ ಪೇಪರು ಕೆಳಗಿಳಿಯಿತು. ಅತ್ತೆ ಅವನನ್ನು ನೋಡಿದರು, ಹುಳುಮನೆಯನ್ನು ನೋಡಿದರು, ಮತ್ತೆ ಅವನನ್ನು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ನಗು ತಡೆಯುವಾಗ ಅವರಿಗೆ ಹಾಗಾಗುತ್ತದೆ.

"ಯಾಮಿನಿ, ನಡುಮನೇಲಿ ಎರಡು ತಟ್ಟೆ ಹಾಕು. ಈ ಲಾಯರ್ ಹೊಟ್ಟೆಗೆ ಮೊದ್ಲು ಬೀಳ್ಲಿ."

ಉಂಡು ಎಸೆಯುವ ಎಲೆ ಅಲ್ಲ. ಮನೆಯ ತಟ್ಟೆ. ಹರಿಯ ಮಂಡಿಗೆ ಮಂಡಿ ತಾಗಿಸಿ ಕೂತು, ಮುನೇಶ ಏಳು ಇಡ್ಲಿ ತಿಂದ. ಕೈ ತೊಳೆದು ಓಡಿದ.

ಮಧ್ಯಾಹ್ನ 2

ಚಂದ್ರಿಕೆಗಳು ತುಂಬಿದವು. ಫಾರಂಗೆ ಅತ್ತೆಯ ಸಹಿ ಬಿತ್ತು. ಅವರು ಪೂರ್ತಿ ಬದಲಾದರೇ? ಗೊತ್ತಿಲ್ಲ. ಮಕ್ಕಳ ಜೊತೆ ತಾವು ಕೂರಲಿಲ್ಲ. ಆದರೆ ಚಟ್ನಿ ಬಡಿಸಿದ್ದು ಅವರೇ: "ತಿನ್ನೋ, ಅಲ್ಲಿ ಸಿಗಲ್ಲ."

ಈಗ ಆಂಜಿನಮ್ಮ ಶಿಡ್ಲಘಟ್ಟದಿಂದ ವಾಪಸಾಗಿ, ಮಗನನ್ನು ಕರೆಯಲು ಬಂದು ಗೇಟಿನಾಚೆ ನಿಂತಿದ್ದಾಳೆ.

"ಮುನೇಶ, ಹೋಗಣ ಬಾರಪ್ಪ."

"ಇರಮ್ಮ, ಇನ್ನೂ ಒಂದೂಟ ಐತೆ."

ಅತ್ತೆ ಜಗಲಿಯಿಂದಲೇ, "ಬಿಸಿಲಲ್ಲಿ ಯಾಕೆ ನಿಂತಿದ್ದೀಯಮ್ಮ, ಒಳಗೆ ಬಾ. ನಿನ್ ಮಗ ನನ್ನ ಹೆಂಗೆ ಸೋಲಿಸ್ದ ಅಂತ ಹೇಳ್ತೀನಿ."

ಆಂಜಿನಮ್ಮ ನನ್ನ ಮುಖ ನೋಡಿದಳು. ಚಪ್ಪಲಿ ಬಿಟ್ಟಳು. ಹೊಸಿಲು ದಾಟಿದಳು.

ತಟ್ಟೆಗೆಂದು ಅಡುಗೆಮನೆಗೆ ಬಂದವಳು ನಿಂತೇ ಬರೆಯುತ್ತಿದ್ದೇನೆ. ಎಷ್ಟು ಹಾಕಲಿ ಎಂದು ಕೂಗಿ ಕೇಳಿದೆ. ಅತ್ತೆ ಬೆರಳು ಮಡಿಸುತ್ತಿದ್ದಾರೆ — ಹರಿ, ಮುನೇಶ, ಆಂಜಿನಮ್ಮ, ನಮ್ಮ ಯಜಮಾನರು, ನಾನು. ಐದು. ಆರನೇ ಬೆರಳಿಗೆ ಇನ್ನೊಂದು ಕೈ ಎತ್ತಿದರು. "ನಂದೂ ಅಲ್ಲೇ ಹಾಕಮ್ಮ, ಆ ಲಾಯರ್ ಪಕ್ಕ" ಎಂದರು. ಆರು ತಟ್ಟೆ ತೆಗೆಯಬೇಕು, ಇಲ್ಲಿಗೇ ನಿಲ್ಲಿಸುತ್ತೇನೆ.